ನಗುವವರಿಗೂ ಒಂದು ಪಾಠ

ಸಂಪಾದಕರ ಉತ್ತರ

ತುಮಕೂರು ಜಿಲ್ಲೆಯ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರ ಪತ್ರ: “ನನ್ನ ಮೂರನೇ ತರಗತಿಯಲ್ಲಿ ಉಗ್ಗುವ ಹುಡುಗಿಯೊಬ್ಬಳಿದ್ದಾಳೆ. ಹುಡುಗನೊಬ್ಬ ದಿನವೂ ಅವಳನ್ನು ಅಣಕಿಸುತ್ತಾನೆ, ಉಳಿದವರು ನಗುತ್ತಾರೆ. ದಯೆಯ ಬಗ್ಗೆ ಪಾಠ ಮಾಡಿದೆ, ಪ್ರತಿಜ್ಞೆ ಮಾಡಿಸಿದೆ, ಎಲ್ಲರೆದುರು ಅವನಿಂದ ಕ್ಷಮೆ ಕೇಳಿಸಿದೆ. ಏನೂ ಬದಲಾಗಲಿಲ್ಲ. ‘ಮಕ್ಕಳಾಟ, ಬಿಡಿ’ ಎನ್ನುತ್ತಾರೆ ಸಹೋದ್ಯೋಗಿಗಳು. ಬಿಡಲೇ?”

ಬಿಡಬೇಡಿ, ಮೇಡಂ. ಮಕ್ಕಳು ಬೆಳಿಗ್ಗೆ ಠೂ ಬಿಟ್ಟು ಮಧ್ಯಾಹ್ನ ಒಂದಾಗುತ್ತಾರೆ, ಅದು ಮಕ್ಕಳಾಟ. ನೀವು ಬರೆದಿರುವುದು ಬೇರೆ, ಅದು ಪೀಡನೆ. ನಾರ್ವೆಯಲ್ಲಿ ದಶಕಗಳ ಕಾಲ ಈ ವಿಷಯವನ್ನು ಅಧ್ಯಯನ ಮಾಡಿದ ಡಾನ್ ಓಲ್ವೇಯುಸ್ ಅದಕ್ಕೆ ಮೂರು ಗುರುತು ಹೇಳಿದರು: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ತಿರುಗಿ ನಿಲ್ಲಲಾರದವರನ್ನು ನೋಯಿಸುವುದು. ಮಾತು ಹೊರಡುವುದೇ ಕಷ್ಟವಾಗಿರುವ ಮಗು ಮಾತಿನಲ್ಲಿ ಹೇಗೆ ತಿರುಗಿ ನಿಂತೀತು?

ನಾಲ್ಕನೇ ತರಗತಿಯಲ್ಲಿ ನನ್ನ ಸಹಪಾಠಿಯೊಬ್ಬ ಚಡ್ಡಿಗೆ ಗುಂಡಿಯಿಲ್ಲದೆ ಹುರಿ ಕಟ್ಟಿಕೊಂಡು ಬರುತ್ತಿದ್ದ. ಹಾಜರಿ ಕೂಗುವಾಗ ಅವನ ಹೆಸರು ಬಂದರೆ ಹಿಂದಿನ ಸಾಲಿನಿಂದ ಒಬ್ಬ ಮೆಲ್ಲಗೆ “ಹುರಿ” ಎನ್ನುತ್ತಿದ್ದ. ನಾನು ಒಂದು ದಿನವೂ ಹಾಗೆ ಕರೆಯಲಿಲ್ಲ. ಆದರೆ ಪ್ರತಿದಿನ ನಕ್ಕೆ. ದಸರೆ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಕಾರಣ ಬೇರೆಯೇ ಇದ್ದಿರಬಹುದು. ನನ್ನ ನಗು ಮಾತ್ರ ನನ್ನ ಜೊತೆಯಲ್ಲೇ ಉಳಿದಿದೆ. ಹಿಂದಿನ ಸಾಲಿನ ಆ ಹುಡುಗನಿಗೆ ಬೇಕಾಗಿದ್ದದ್ದು ನಮ್ಮ ನಗುವೇ.

ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು ಶಾಲೆಗಳಲ್ಲಿ ಪೀಡನೆ ತಡೆಯಲು ರೂಪಿಸಿದ ‘ಕಿವಾ’ ಕಾರ್ಯಕ್ರಮ ಹಿಡಿದದ್ದು ಈ ಎಳೆಯನ್ನೇ. 2009ರಲ್ಲಿ ಅದು ದೇಶದ ಶಾಲೆಗಳಿಗೆಲ್ಲ ತೆರೆದುಕೊಂಡಿತು. ಪೀಡಿಸುವವನು ಒಬ್ಬ, ನೊಂದವರು ಒಬ್ಬರು. ನೋಡುತ್ತ ನಿಂತವರು ಇಡೀ ತರಗತಿ. ಅಲ್ಲಿನ ಪಾಠ ಈ ಇಡೀ ತರಗತಿಗೆ. ಜೊತೆಗೆ ಶಿಕ್ಷಕರು, ಉಳಿದ ಮಕ್ಕಳು ಮೆಚ್ಚುವಂಥ ಎರಡು ಮೂರು ಮಕ್ಕಳನ್ನು ಪ್ರತ್ಯೇಕವಾಗಿ ಕರೆದು, ನೊಂದ ಮಗುವಿಗೆ ನೀವು ಹೇಗೆ ನೆರವಾಗಬಲ್ಲಿರಿ ಎಂದು ಕೇಳುತ್ತಾರೆ. ನಿಮ್ಮ ತರಗತಿಯಲ್ಲೂ ಅಂಥವರಿರುತ್ತಾರೆ: ಕುಂಟೆಬಿಲ್ಲೆಯಲ್ಲಿ ಮುಂದಿರುವವಳು, ಲಗೋರಿಗೆ ತಂಡ ಕಟ್ಟುವವನು. ಅವರನ್ನು ಕರೆಯಿರಿ. “ಅವಳನ್ನು ಆಟಕ್ಕೆ ಸೇರಿಸಿಕೊಳ್ಳಿ” ಎಂದಷ್ಟೇ ಹೇಳಿದರೆ ಸಾಲದು, ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಒಂದು ಮೂಲೆಯಲ್ಲಿ ನಿಲ್ಲಿಸಿಬಿಟ್ಟಾರು. ಅವಳ ಸರದಿ ಅವಳಿಗೆ ಸಿಗಬೇಕು, ಅವಳು ಔಟಾದರೆ ಔಟೇ ಆಗಬೇಕು.

ಇನ್ನೊಂದು ಅಡ್ಡಿ ನಮ್ಮ ಮಾತಿನಲ್ಲೇ ಇದೆ. ಮಗು ಬಂದು “ಮಿಸ್, ಅವನು ಅವಳನ್ನು…” ಎಂದು ಬಾಯಿ ತೆರೆದರೆ ಸಾಕು, “ಚಾಡಿ ಹೇಳಬೇಡ, ಹೋಗಿ ಕೂತುಕೋ” ಎನ್ನುತ್ತೇವೆ. ಇನ್ನೊಬ್ಬರನ್ನು ಬೈಸಲು ಹೇಳುವುದು ಚಾಡಿ. ಇನ್ನೊಬ್ಬರನ್ನು ಕಾಪಾಡಲು ಹೇಳುವುದು ಚಾಡಿಯಲ್ಲ. ಎಂಟು ವರ್ಷದ ಮಕ್ಕಳಿಗೆ ಈ ವ್ಯತ್ಯಾಸ ಅರ್ಥವಾಗುತ್ತದೆ. ನಾಲ್ಕಾರು ಸಂದರ್ಭ ಹೇಳಿ, ಯಾವುದು ಯಾವುದೆಂದು ಅವರನ್ನೇ ಕೇಳಿ. ಮಕ್ಕಳು ಪುಸ್ತಕದ ಚೀಲವಿಲ್ಲದೆ ಬರುವ ‘ಸಂಭ್ರಮ ಶನಿವಾರ’ದ ಒಂದು ಅವಧಿ ಇದಕ್ಕೆ ಧಾರಾಳವಾಯಿತು.

ಎಲ್ಲರೆದುರು ಕ್ಷಮೆ ಕೇಳಿಸಿದ್ದು ಮಾತ್ರ ನನಗೆ ಸರಿಕಾಣಲಿಲ್ಲ. ನಿಮ್ಮ ಉದ್ದೇಶ ಒಳ್ಳೆಯದೇ. ಆದರೆ ಅಣಕಿಸುವ ಹುಡುಗನಿಗೂ ಅಂದು ಅದೇ ಪ್ರೇಕ್ಷಕರು ಸಿಕ್ಕರು, ಆ ಹುಡುಗಿ ಮತ್ತೊಮ್ಮೆ ಎಲ್ಲರ ಕಣ್ಣಿಗೆ ಬಿದ್ದಳು. ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಆ ರಕ್ಷಣೆ ತಪ್ಪು ಮಾಡಿದ ಮಗುವಿಗೂ ಇದೆ. ಅವನೊಬ್ಬನನ್ನೇ ಕೂರಿಸಿಕೊಂಡು, ಕಂಡದ್ದನ್ನು ಕಂಡಂತೆ ಹೇಳಿ, ನಾಳೆಯಿಂದ ಏನು ಮಾಡುತ್ತೀಯ ಎಂದು ಕೇಳಿ. ವಾರ ಕಳೆದ ಮೇಲೆ ಮತ್ತೆ ಕರೆದು ಕೇಳಿ. ಎರಡನೆಯ ಸಲ ಕರೆಯುವುದನ್ನೇ ನಾವು ಮರೆಯುತ್ತೇವೆ.

ಹುಡುಗಿ ತಡವರಿಸಿದಾಗ ಅವಳ ಪದವನ್ನು ನೀವು ಪೂರ್ತಿ ಮಾಡಬೇಡಿ. ಕಾಯಿರಿ. ನೀವು ಕಾಯುವುದನ್ನು ನೋಡಿ ಮಕ್ಕಳೂ ಕಾಯುವುದನ್ನು ಕಲಿಯುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಉಗ್ಗಿಗೆ ಚಿಕಿತ್ಸೆ ಇದೆ ಎಂದು ಅವಳ ಮನೆಯವರಿಗೂ ತಿಳಿಸಿ.

ಈ ಸೋಮವಾರ ಬಿಸಿಯೂಟದ ಹೊತ್ತಿಗೆ ಸ್ವಲ್ಪ ದೂರದಲ್ಲಿ ನಿಂತು, ತಟ್ಟೆ ಹಿಡಿದು ಬಂದ ಅವಳ ಪಕ್ಕದಲ್ಲಿ ಯಾರು ಬಂದು ಕುಳಿತರು ಎಂದು ನೋಡಿ, ನನಗೆ ಬರೆಯಿರಿ.