ಇಂಗಾಲದ ಲೆಕ್ಕ ಬಾಯ್ಲರ್ ಬುಡದಿಂದಲೇ ಶುರುವಾಗಲಿ

ಓದುಗರ ಪ್ರಶ್ನೆಗಳಿಗೆ ಮಂಗಳೂರಿನ ಇಂಧನ ಲೆಕ್ಕಪರಿಶೋಧಕರ ಉತ್ತರ

ಪ್ರಶ್ನೆ: ಕಾರ್ಕಳದ ಹತ್ತಿರ ನಮ್ಮದೊಂದು ಗೇರುಬೀಜ ಕಾರ್ಖಾನೆ, ತಂದೆಯವರ ಕಾಲದ್ದು. ತಿರುಳನ್ನು ಜರ್ಮನಿಗೆ ಕಳಿಸುತ್ತೇವೆ. ಈ ಸಲ ಖರೀದಿದಾರರು ಆರ್ಡರ್ ಜತೆಗೇ ‘ನಿಮ್ಮ ಕಾರ್ಬನ್ ಫುಟ್‌ಪ್ರಿಂಟ್ (ಕಾರ್ಖಾನೆಯಿಂದಾಗಿ ಗಾಳಿಗೆ ಸೇರುವ ಇಂಗಾಲ) ಎಷ್ಟು?’ ಎಂದು ಉದ್ದದ ಪ್ರಶ್ನಾವಳಿ ಕಳಿಸಿದ್ದಾರೆ. ತಿಂಗಳಿಗೆ ಸುಮಾರು 40,000 ಯೂನಿಟ್ ಕರೆಂಟು, ಜನರೇಟರ್ ಮತ್ತು ಪಿಕಪ್‌ಗೆ 500 ಲೀಟರ್ ಡೀಸೆಲ್ ಬೇಕಾಗುತ್ತದೆ. ಬಾಯ್ಲರ್‌ಗೆ ಬೀಜದ ಸಿಪ್ಪೆಯನ್ನೇ ಉರಿಸುತ್ತೇವೆ. ಲೆಕ್ಕ ಮಾಡಿಕೊಡಲು ಎರಡು ಸಂಸ್ಥೆಗಳು ದರ ಹೇಳಿವೆ. ಒಬ್ಬರು ಕಾರ್ಖಾನೆಗೆ ಬರುವುದೇ ಬೇಡ, ಬಿಲ್ ಕಳಿಸಿದರೆ ಸಾಕು ಎನ್ನುತ್ತಾರೆ, ಅವರದ್ದೇ ಅಗ್ಗ. ಇವರೆಲ್ಲ ನಿಜವಾಗಿ ಮಾಡುವುದೇನು? ಯುರೋಪಿನ ಕಾರ್ಬನ್ ತೆರಿಗೆ ನಮಗೂ ಬೀಳುತ್ತದೆಯೇ?

ಉತ್ತರ: ತೆರಿಗೆಯ ಭಯ ಮೊದಲು ಬಿಡಿ. ಯುರೋಪಿನ ಗಡಿ ಕಾರ್ಬನ್ ಶುಲ್ಕ 2026ರ ಜನವರಿ 1ರಿಂದ ಪೂರ್ತಿ ಜಾರಿಯಾಗುವುದು ಸಿಮೆಂಟ್, ಕಬ್ಬಿಣ-ಉಕ್ಕು, ಅಲ್ಯೂಮಿನಿಯಂ, ರಸಗೊಬ್ಬರ, ಹೈಡ್ರೋಜನ್ ಮತ್ತು ವಿದ್ಯುತ್ತಿಗೆ. ಗೇರುಬೀಜ ಆ ಪಟ್ಟಿಯಲ್ಲಿಲ್ಲ.

ಹಾಗಿದ್ದರೂ ಖರೀದಿದಾರರು ಕೇಳುತ್ತಿದ್ದಾರೆ, ಏಕೆಂದರೆ ಅವರ ಲೆಕ್ಕದೊಳಗೆ ನೀವು ಇದ್ದೀರಿ. 2001ರಲ್ಲಿ ಮೊದಲು ಪ್ರಕಟವಾದ ಜಿಎಚ್‌ಜಿ (ಹಸಿರುಮನೆ ಅನಿಲ) ಪ್ರೋಟೊಕಾಲ್ ಎಂಬ ಮಾನದಂಡವನ್ನು ಇಂದು ಇಂಥ ಲೆಕ್ಕ ಕೊಡುವ ಬಹುತೇಕ ಕಂಪನಿಗಳು ಬಳಸುತ್ತವೆ. ಅದರ ಪ್ರಕಾರ ನಿಮ್ಮ ಆವರಣದಲ್ಲಿ, ನಿಮ್ಮ ವಾಹನಗಳಲ್ಲಿ ನೀವೇ ಉರಿಸಿದ್ದು ಸ್ಕೋಪ್ 1, ಹೊರಗಿನಿಂದ ಕೊಂಡ ವಿದ್ಯುತ್ತಿನದು ಸ್ಕೋಪ್ 2. ಕಚ್ಚಾ ಬೀಜ ಬೆಳೆದ ತೋಟ, ತಂದ ಹಡಗು, ಒಯ್ದ ಲಾರಿ, ಪ್ಯಾಕಿಂಗ್ ಡಬ್ಬ ಇವೆಲ್ಲ ಸ್ಕೋಪ್ 3. ಇದೊಂದರಲ್ಲೇ 15 ವಿಭಾಗಗಳಿವೆ. ನಿಮ್ಮ ಸ್ಕೋಪ್ 1 ಮತ್ತು 2 ಸೇರಿ ಜರ್ಮನಿಯವರ ಸ್ಕೋಪ್ 3ರೊಳಗೆ ಕೂರುತ್ತದೆ. ನಮ್ಮ ದೇಶದಲ್ಲೂ ಷೇರು ಮಾರುಕಟ್ಟೆಯ ದೊಡ್ಡ 1,000 ಕಂಪನಿಗಳು 2022-23ರಿಂದ ಸೆಬಿ ನಿಯಮದಂತೆ ಸುಸ್ಥಿರತೆಯ ವರದಿ ಕೊಡಲೇಬೇಕಾಗಿದೆ. ನಾಳೆ ಮುಂಬೈಯ ಖರೀದಿದಾರರೂ ಇದನ್ನೇ ಕೇಳಿದರೆ ಆಶ್ಚರ್ಯಪಡಬೇಡಿ.

ಲೆಕ್ಕದ ತಿರುಳು ಒಂದೇ ಗುಣಾಕಾರ: ಎಷ್ಟು ಬಳಸಿದಿರೋ ಅದಕ್ಕೆ ಗುಣಾಂಕ. ಡೀಸೆಲ್ ಲೀಟರಿಗೆ ಸುಮಾರು 2.68 ಕೆ.ಜಿ. ಇಂಗಾಲದ ಡೈಆಕ್ಸೈಡ್. ದೇಶದ ವಿದ್ಯುತ್ ಗ್ರಿಡ್‌ನ ಗುಣಾಂಕವನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟಿಸುತ್ತದೆ. ಈಚಿನ ವರ್ಷಗಳಲ್ಲಿ ಅದು ಯೂನಿಟ್‌ಗೆ 0.7 ಕೆ.ಜಿ. ಆಸುಪಾಸಿನಲ್ಲಿದೆ. ನಿಮ್ಮ 500 ಲೀಟರ್ ಡೀಸೆಲ್ ಅಂದರೆ ತಿಂಗಳಿಗೆ 1.3 ಟನ್. 40,000 ಯೂನಿಟ್ ಅಂದರೆ 28 ಟನ್. ಜನರೇಟರ್ ಕರಿ ಹೊಗೆ ಬಿಡುವುದನ್ನು ನೋಡಿ ಎಲ್ಲರೂ ಅದರ ಮೇಲೇ ಸಿಟ್ಟಾಗುತ್ತಾರೆ. ಆದರೆ ಅದರ 20 ಪಟ್ಟಿಗೂ ಹೆಚ್ಚು ನಿಮ್ಮ ಮೆಸ್ಕಾಂ ಬಿಲ್ಲಿನಲ್ಲೇ ಇದೆ.

ಇಷ್ಟನ್ನು ನಿಮ್ಮ ಅಕೌಂಟೆಂಟೇ ಮಾಡಬಲ್ಲರು. ಹಾಗಾದರೆ ತಜ್ಞ ಸಂಸ್ಥೆ ಯಾಕೆ? ಬಾಯ್ಲರ್ ಹತ್ತಿರ ಬನ್ನಿ, ಅಲ್ಲಿ ಗೊತ್ತಾಗುತ್ತದೆ.

ಕೆಲವು ವರ್ಷದ ಹಿಂದೆ ಇಂಥದ್ದೇ ಒಂದು ಕಾರ್ಖಾನೆಯವರು ತಮಗೆ ಬಂದಿದ್ದ ವರದಿಯನ್ನು ನನಗೆ ತೋರಿಸಿದರು. ಬಣ್ಣದ ಚಿತ್ರ, ಗ್ರಾಫ್, ಎಲ್ಲ ಚೆಂದ. ಆದರೆ ಸ್ಕೋಪ್ 1 ಮಾತ್ರ ಯಾವುದೋ ದೊಡ್ಡ ಗಿರಣಿಯ ಹಾಗೆ ಇತ್ತು. ಹುಡುಕಿದರೆ, ವರದಿ ಮಾಡಿದವರ ಸಿದ್ಧ ನಮೂನೆಯಲ್ಲಿ ಬಾಯ್ಲರ್ ಇಂಧನ ಎಂದಿದ್ದಲ್ಲಿ ಕಲ್ಲಿದ್ದಲಿನ ಗುಣಾಂಕ ಕೂತಿತ್ತು. ಅವರು ಕಾರ್ಖಾನೆಗೆ ಕಾಲಿಟ್ಟೇ ಇರಲಿಲ್ಲ. ಇಟ್ಟಿದ್ದರೆ ಬಾಗಿಲಲ್ಲೇ ಸಿಪ್ಪೆಯ ರಾಶಿ ಕಾಣುತ್ತಿತ್ತು, ವಾಸನೆಯೂ ಹೊಡೆಯುತ್ತಿತ್ತು. ಸಿಪ್ಪೆ ಜೈವಿಕ ಇಂಧನ. ಅದರಿಂದ ಬರುವ ಇಂಗಾಲದ ಡೈಆಕ್ಸೈಡನ್ನು ಬೇರೆಯಾಗಿಯೇ ತೋರಿಸಬೇಕು. ಸ್ಕೋಪ್ 1ಕ್ಕೆ ಸೇರುವುದು ಜತೆಗೆ ಹೊಮ್ಮುವ ಅಲ್ಪ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಮಾತ್ರ. ಆ ಒಂದು ಸಾಲಿನ ತಪ್ಪಿನಿಂದ ಪಾಪ, ಅವರು ತಮ್ಮ ಖರೀದಿದಾರರಿಗೆ ತಮ್ಮ ಮೇಲೆಯೇ ಸುಳ್ಳು ಚಾಡಿ ಹೇಳಿದಂತಾಗಿತ್ತು. ನಿಮ್ಮದೂ ಸಿಪ್ಪೆ ಬಾಯ್ಲರ್ ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಒಳ್ಳೆಯ ತಂಡ ಬಂದರೆ ಮೊದಲು ನಿಮ್ಮ ಜತೆ ಕೂತು ಗಡಿ ಹಾಕುತ್ತದೆ. ಯಾವ ಶೆಡ್ ನಿಮ್ಮದು, ಹೊರಗಡೆ ಸಿಪ್ಪೆ ಸುಲಿಸುವ ಘಟಕ ಯಾರ ಲೆಕ್ಕಕ್ಕೆ, ಯಾವ ವರ್ಷವನ್ನು ಆಧಾರವಾಗಿ ಹಿಡಿಯುವುದು, ಎಲ್ಲ ಅಲ್ಲೇ ತೀರ್ಮಾನ. ಆಮೇಲೆ ಬಿಲ್ಲುಗಳನ್ನು ಸ್ಟೋರಿನ ಅಕ್ಕ ಬರೆದಿಟ್ಟ ರಿಜಿಸ್ಟರಿನ ಜತೆ ತಾಳೆ ನೋಡುತ್ತಾರೆ. ಎಷ್ಟೋ ಸಲ ಸರಿಯಿರುವುದು ಆ ರಿಜಿಸ್ಟರೇ. ಪ್ಯಾಕಿಂಗ್ ಕೋಣೆಯ ಎ.ಸಿ.ಗೆ ವರ್ಷದಲ್ಲಿ ಎಷ್ಟು ಗ್ಯಾಸ್ ತುಂಬಿಸಿದಿರಿ ಎಂದು ಕೇಳಬೇಕು, ಸೋರಿ ಹೋದ ಗ್ಯಾಸೂ ಲೆಕ್ಕಕ್ಕೆ ಬರುತ್ತದೆ. ಕೇಳದವರಿಗೆ ಕೆಲಸ ಗೊತ್ತಿಲ್ಲ ಎಂದೇ ತಿಳಿಯಿರಿ.

ಇನ್ನು ಕಡಿಮೆ ಮಾಡುವ ವಿಷಯ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇಲ್ಲೇ ಇದೆ.

ನಿಮ್ಮ ಕಲರ್ ಸಾರ್ಟರ್, ಕಟ್ಟಿಂಗ್ ಮೆಷಿನ್‌ಗಳಿಗೆ ಕಂಪ್ರೆಸ್ಸರಿನ ಗಾಳಿ ಬೇಕು. ಒಂದು ಭಾನುವಾರ ಯಂತ್ರಗಳನ್ನೆಲ್ಲ ನಿಲ್ಲಿಸಿ ಕಂಪ್ರೆಸ್ಸರ್ ಮಾತ್ರ ಓಡಿಸಿ, ಕೈಯಲ್ಲಿ ಗಡಿಯಾರ ಹಿಡಿದು ಪಕ್ಕದಲ್ಲಿ ನಿಲ್ಲಿ. ಗಾಳಿ ಬಳಸುವವರೇ ಇಲ್ಲ, ಹಾಗಾಗಿ ಒತ್ತಡ ತುಂಬಿದ ಮೇಲೆ ಅದು ಸುಮ್ಮನಿರಬೇಕು. ಬದಲಿಗೆ ಹತ್ತು ನಿಮಿಷದಲ್ಲಿ ಮೂರು ನಿಮಿಷ ಲೋಡ್ ತೆಗೆದುಕೊಂಡರೆ, ಕಂಪ್ರೆಸ್ಸರಿನ ಸಾಮರ್ಥ್ಯದಲ್ಲಿ ಶೇ. 30ರಷ್ಟು ಗಾಳಿ ಎಲ್ಲೋ ಸೋರಿ ಹೋಗುತ್ತಿದೆ. ಸೋಪಿನ ನೀರನ್ನು ಜಾಯಿಂಟ್‌ಗಳಿಗೆ ಹಚ್ಚುತ್ತಾ ಹೋಗಿ, ಗುಳ್ಳೆ ಏಳುವಲ್ಲೇ ನಿಮ್ಮ ದುಡ್ಡು ಹೋಗುತ್ತಿರುವುದು. ಸೋರಿಕೆ ಮುಚ್ಚಿದ ಮೇಲೆ ಒತ್ತಡವನ್ನು ಒಂದು ಬಾರ್ ಇಳಿಸಲು ಸಾಧ್ಯವಾದರೆ ಕಂಪ್ರೆಸ್ಸರಿನ ಕರೆಂಟಿನಲ್ಲಿ ಶೇ. 6-7 ಉಳಿಯುತ್ತದೆ. ವಾಷರು, ಹೋಸ್ ಕ್ಲಿಪ್ಪಿನ ಖರ್ಚಿನಲ್ಲಿ ಮುಗಿಯುವ ಕೆಲಸ ಇದು.

ಬಾಯ್ಲರ್‌ಗೆ ಹೋಗುವ ನೀರು ಪ್ರತಿ 6 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸುಮಾರು ಶೇ. 1 ಇಂಧನ ಉಳಿಯುತ್ತದೆ. ಬೋರ್ಮಾದ (ತಿರುಳು ಒಣಗಿಸುವ ಒಲೆ) ಕಾಯಿಲ್‌ನಿಂದ ಬರುವ ಬಿಸಿನೀರನ್ನು ಚರಂಡಿಗೆ ಬಿಡದೆ ಬಾಯ್ಲರ್ ಟ್ಯಾಂಕಿಗೇ ತನ್ನಿ. ‘ಸಿಪ್ಪೆ ನಮ್ಮದೇ, ಪುಕ್ಕಟೆ’ ಎನ್ನಬೇಡಿ, ಉಳಿದ ಸಿಪ್ಪೆಗೆ ಎಣ್ಣೆ ತೆಗೆಯುವವರು ದುಡ್ಡು ಕೊಡುತ್ತಾರೆ. ಮಳೆಗಾಲದಲ್ಲಿ ಒದ್ದೆ ಸಿಪ್ಪೆ ಹಾಕಿದರೆ ಉರಿಯ ಪಾಲು ನೀರು ಆರಿಸುವುದಕ್ಕೇ ಹೋಗುತ್ತದೆ. ಇದು ನಿಮ್ಮ ಬಾಯ್ಲರ್ ಅಣ್ಣನಿಗೆ ಯಾವ ತಜ್ಞರಿಗಿಂತ ಚೆನ್ನಾಗಿ ಗೊತ್ತು. ರಾಶಿಗೊಂದು ತಗಡಿನ ಮಾಡು ಹಾಕಿಸಿ. ಸೋಲಾರ್ ಖಂಡಿತ ಒಳ್ಳೆಯದು, ಆದರೆ ಬೇಸಿಗೆಯ ಉತ್ಪಾದನೆ ನೋಡಿ ವರ್ಷದ ಲೆಕ್ಕ ಹಾಕುವವರನ್ನು ನಂಬಬೇಡಿ. ಮಳೆಗಾಲದ ಆಟಿ ತಿಂಗಳ ಮೋಡವೂ ಆ ಲೆಕ್ಕದಲ್ಲಿರಲಿ.

ಆಫ್ರಿಕಾದಿಂದ ಬರುವ ಕಚ್ಚಾ ಬೀಜದ ಲೆಕ್ಕ ಮೊದಲ ವರ್ಷ ಅಂದಾಜಿನಲ್ಲೇ ಇರುತ್ತದೆ, ಅಂದಾಜು ಎಂದು ಬರೆದರೆ ತಪ್ಪಿಲ್ಲ.

ಅಗ್ಗದವರನ್ನು ಬಿಟ್ಟು ಬರುವವರನ್ನೇ ಕರೆಸಿ. ತಂಡದಲ್ಲಿ ಇಂಧನ ದಕ್ಷತಾ ಬ್ಯೂರೋದ ಪ್ರಮಾಣಪತ್ರ ಪಡೆದ ಇಂಧನ ಲೆಕ್ಕಪರಿಶೋಧಕರು ಇದ್ದಾರೆಯೇ, ಲೆಕ್ಕದ ಹಾಳೆಯನ್ನು ಸೂತ್ರಗಳ ಸಮೇತ ಕೊಡುತ್ತಾರೆಯೇ ಎಂದು ಕೇಳಿ. ಬರೀ ಪಿಡಿಎಫ್ ಕೊಟ್ಟು ಹೋದರೆ ಮುಂದಿನ ವರ್ಷ ಮತ್ತೆ ಅವರಿಗೇ ದುಡ್ಡು ತೆರಬೇಕು. ಇಂಥ ಲೆಕ್ಕದ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 14064ರ ಪ್ರಕಾರ ಪರಿಶೀಲನೆ ಬೇಕೆಂದು ಖರೀದಿದಾರರು ಕೇಳಿದರೆ ಅದಕ್ಕೆ ಬೇರೆ ಸಂಸ್ಥೆಯೇ ಬರಬೇಕು; ಉತ್ತರಪತ್ರಿಕೆ ಬರೆದವರೇ ಮೌಲ್ಯಮಾಪನ ಮಾಡುವಂತಿಲ್ಲ.

ಪ್ರಶ್ನೆ: ಮಲ್ಪೆಯಲ್ಲಿ ನಮ್ಮ ಮೀನು ಶೀತಲೀಕರಣ ಘಟಕದಲ್ಲಿ ಹಳೆಯ ಅಮೋನಿಯಾ ಪ್ಲಾಂಟ್ ಇದೆ. ಪರಿಸರಕ್ಕೆ ಒಳ್ಳೆಯದೆಂದು ಅದನ್ನು ತೆಗೆದು ಆರ್-404ಎ ಗ್ಯಾಸಿನ ಹೊಸ ಯಂತ್ರ ಹಾಕಲು ಮಾರಾಟಗಾರರೊಬ್ಬರು ಹೇಳುತ್ತಿದ್ದಾರೆ. ಹಾಕಿಸಲೇ?

ಉತ್ತರ: ಪರಿಸರದ ಕಾರಣಕ್ಕಾದರೆ ಖಂಡಿತ ಬೇಡ. ಅಮೋನಿಯಾಕ್ಕೆ ಭೂಮಿಯನ್ನು ಬಿಸಿ ಮಾಡುವ ಗುಣ ಇಲ್ಲವೆಂದೇ ಹೇಳಬಹುದು. ಆರ್-404ಎ ಒಂದು ಕೆ.ಜಿ. ಸೋರಿದರೆ 3,900 ಕೆ.ಜಿ.ಗೂ ಮೇಲ್ಪಟ್ಟ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ವರ್ಷಕ್ಕೆ 10 ಕೆ.ಜಿ. ಹೋಯಿತೆಂದರೆ 39 ಟನ್, ಹತ್ತಿರ ಹತ್ತಿರ 56,000 ಯೂನಿಟ್ ಕರೆಂಟಿನಷ್ಟು. ಅಮೋನಿಯಾದ ಅಪಾಯ ಬೇರೆ ತರಹದ್ದು, ಅದು ಮನುಷ್ಯರ ಜೀವಕ್ಕೆ. ಹೊಸ ಯಂತ್ರಕ್ಕೆ ಇಟ್ಟ ಹಣದಲ್ಲಿ ಸೋರಿಕೆ ಪತ್ತೆಯ ಸೆನ್ಸರ್, ಹೊಸ ವಾಲ್ವ್, ಕೆಲಸಗಾರರಿಗೆ ಮುಖಗವಸು ಮತ್ತು ತರಬೇತಿ ಕೊಡಿಸಿ. ಕಂಡೆನ್ಸರ್ ಮೇಲೆ ಕಟ್ಟಿದ ಪಾಚಿ, ಸುಣ್ಣವನ್ನು ಉಜ್ಜಿಸಿ, ಕರೆಂಟ್ ಬಿಲ್ಲೂ ಇಳಿಯುತ್ತದೆ.

ಪ್ರಶ್ನೆ: ಬೇರೆಯವರು ಇಂಗಾಲ ಕಡಿಮೆ ಮಾಡಿದ್ದಕ್ಕೆ ಸಿಗುವ ಕಾರ್ಬನ್ ಕ್ರೆಡಿಟ್ ಕೊಂಡು ನಮ್ಮ ಪ್ಯಾಕೆಟ್ ಮೇಲೆ ‘ಕಾರ್ಬನ್ ನ್ಯೂಟ್ರಲ್’ ಎಂದು ಮುದ್ರಿಸಬಹುದೇ? – ಬೈಕಂಪಾಡಿಯಿಂದ ಒಬ್ಬ ಉದ್ಯಮಿ

ಉತ್ತರ: ಯುರೋಪಿಗೆ ಹೋಗುವ ಪ್ಯಾಕೆಟ್ ಆದರೆ ಈಗಲೇ ಕೈಬಿಡಿ. ಕ್ರೆಡಿಟ್ ಕೊಂಡ ಆಧಾರದ ಮೇಲೆ ಉತ್ಪನ್ನವನ್ನು ನ್ಯೂಟ್ರಲ್ ಎಂದು ಗ್ರಾಹಕರಿಗೆ ಹೇಳುವುದಕ್ಕೆ ಅಲ್ಲಿ 2026ರ ಸೆಪ್ಟೆಂಬರ್ 27ರಿಂದ ನಿಷೇಧ. ನಮ್ಮಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ, ಪರಿಸರದ ಹೆಸರಿನಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ತಡೆ ಹಾಕುವ ಮಾರ್ಗಸೂಚಿ ತಂದಿದೆ. ಹೇಳಿದ್ದಕ್ಕೆ ಪುರಾವೆ ಬೇಕು. ಕ್ರೆಡಿಟ್‌ಗೆ ಇಟ್ಟ ದುಡ್ಡನ್ನು ಕಂಪ್ರೆಸ್ಸರ್, ಮೋಟಾರುಗಳಿಗೆ ಹಾಕಿ. ಒಂದು ಕೆ.ಜಿ. ಸರಕಿಗೆ ಹೋದ ವರ್ಷ ಎಷ್ಟು ಯೂನಿಟ್ ಖರ್ಚಾಗಿತ್ತು, ಈ ವರ್ಷ ಎಷ್ಟು ಎಂದು ಅಳೆದು, ಅದನ್ನೇ ಮುದ್ರಿಸಿ. ಹನ್ನೆರಡು ತಿಂಗಳ ಮೆಸ್ಕಾಂ ಬಿಲ್ಲನ್ನು ಫೈಲಿನಲ್ಲಿ ಜೋಪಾನವಾಗಿಡಿ. ಯಾರಾದರೂ ಪ್ರಶ್ನಿಸಿದರೆ ತೋರಿಸಬೇಕಾಗುತ್ತದೆ.