ಹರ್-2 ‘2+’ ಬಂದರೆ ಮುಂದೇನು?

ಅಮ್ಮನ ವರದಿಯಲ್ಲಿ ಹರ್-2 ‘2+’ ಬಂದಿದೆ, ವರದಿ ತಪ್ಪಿರಬಹುದೇ ಅಂತ ವಿರಾಜಪೇಟೆಯಿಂದ ಕೇಳಿದ್ದೀರಿ. ತಪ್ಪಿರಲಿಕ್ಕಿಲ್ಲ. ಹರ್-2 ಅಂದರೆ ಜೀವಕೋಶದ ಮೇಲಿರುವ ಒಂದು ಪ್ರೋಟೀನು, ಅದು ಎಷ್ಟಿದೆ ಅಂತ ಬಣ್ಣ ಹಿಡಿಸಿ ನೋಡುತ್ತಾರೆ. ನಿಮ್ಮ ಅಮ್ಮನ ಸ್ತನದ ಗಡ್ಡೆಯ ಬಯಾಪ್ಸಿಯಲ್ಲಿ ಹರ್-2 ‘2+’ ಅಂತ ಬಂದಿರುವುದು ಬಹುಶಃ ಆ ಪ್ರೋಟೀನಿನ ಬಣ್ಣ ಜೀವಕೋಶದ ಅಂಚಿನಲ್ಲಿ ನಡುಮಟ್ಟಕ್ಕೆ ಮಾತ್ರ ಹಿಡಿದಿರುವುದರಿಂದ. 3+ ಆದರೆ ಪಾಸಿಟಿವ್, 0 ಅಥವಾ 1+ ಆದರೆ ನೆಗೆಟಿವ್, 2+ ಮಾತ್ರ ಯಾವ ಕಡೆಗೂ ಸೇರಲ್ಲ. ಅದಕ್ಕೆ ಹರ್-2 ಜೀನಿನ ಪ್ರತಿಗಳನ್ನೇ ಎಣಿಸುವ ಫಿಶ್ ಟೆಸ್ಟ್ ಬೇಕು.

ಮೊದಲು ಲ್ಯಾಬಿನಿಂದ ಮೇಣದ ಬ್ಲಾಕ್ (ಬಯಾಪ್ಸಿ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟಿದ್ದು), ಸ್ಲೈಡ್, ವರದಿ ಕೇಳಿ ಪಡೆಯಿರಿ. ಬ್ಲಾಕನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಆಮೇಲೆ ಮೈಸೂರಲ್ಲೋ ಮಂಗಳೂರಲ್ಲೋ ಫಿಶ್ ಎಲ್ಲಿ ಮಾಡುತ್ತಾರೆ ಅಂತ ಫೋನಲ್ಲಿ ವಿಚಾರಿಸಿಯೇ ವಿರಾಜಪೇಟೆಯಿಂದ ಹೊರಡಿ, ಅಮ್ಮನನ್ನು ಸುಮ್ನೆ ಘಾಟಿ ಹತ್ತಿಳಿಸಬೇಡಿ, ಬ್ಲಾಕ್ ಹೋದರೆ ಸಾಕು. ಅದರಲ್ಲಿ ಗಡ್ಡೆಯ ಭಾಗ ಸಾಲದಿದ್ದರೆ ಮತ್ತೆ ಬಯಾಪ್ಸಿ ಬೇಕಾಗಬಹುದು, ಅದು ಪೆಥಾಲಜಿಸ್ಟ್ ನೋಡಿದ ಮೇಲೇ ಗೊತ್ತಾಗುವುದು. ಫಿಶ್ ಪಾಸಿಟಿವ್ ಆದರೆ ಹರ್-2 ಮೇಲೇ ಕೆಲಸ ಮಾಡುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧ ಕೊಡಬಹುದು, ಹಾಗಾಗಿ ಕೀಮೋ ಶುರುವಾಗುವ ಮೊದಲೇ ಆಂಕಾಲಜಿಸ್ಟ್ ಹತ್ತಿರ ಫಿಶ್ ವಿಷಯ ಕೇಳಿಬಿಡಿ.