ಪರೀಕ್ಷೆಯ ದಿನ ನಡೆದದ್ದೇನು?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: ಲಂಡನ್ನಿನಲ್ಲಿರುವ ಅವರ ತಮ್ಮ 2012ರಲ್ಲಿ ವೀಸಾಕ್ಕಾಗಿ ಟೋಯಿಕ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆ ಕೊಟ್ಟಿದ್ದರು. ಪರೀಕ್ಷೆಗೆ ತಮ್ಮ ಬದಲು ಬೇರೆಯವರನ್ನು ಕೂರಿಸಿದ್ದರೆಂದು ಬ್ರಿಟನ್ನಿನ ವೀಸಾ ವ್ಯವಹಾರ ನೋಡಿಕೊಳ್ಳುವ ಹೋಮ್ ಆಫೀಸ್ (ಗೃಹ ಇಲಾಖೆ) ಈಗ ಅರ್ಜಿ ತಳ್ಳಿಹಾಕಿದೆ. "ಇಂಗ್ಲಿಷ್ ಮೀಡಿಯಮ್ಮಿನಲ್ಲೇ ಓದಿದವನು. ಜಡ್ಜ್ ಎದುರು ನಿರರ್ಗಳವಾಗಿ ಮಾತಾಡಿದರೆ ಸಾಲದೇ?"

ಸಾಲದು. ಇಂಗ್ಲಿಷ್ ಚೆನ್ನಾಗಿ ಬರುವವರೂ ಬೇರೆ ಬೇರೆ ಕಾರಣಕ್ಕೆ ಅಡ್ಡದಾರಿ ಹಿಡಿಯಬಹುದು ಎಂದು ಇಂಥ ಅಪೀಲು ಕೇಳುವ ಬ್ರಿಟನ್ನಿನ ವಲಸೆ ಟ್ರಿಬ್ಯೂನಲ್ 2016ರಲ್ಲೇ ಹೇಳಿದೆ.

2014ರ ಫೆಬ್ರವರಿಯಲ್ಲಿ ಬಿಬಿಸಿ ಬದಲಿ ಜನರನ್ನು ಕೂರಿಸುವ ಈ ದಂಧೆಯನ್ನು ಬಯಲಿಗೆಳೆಯಿತು. ಆಮೇಲೆ ಪರೀಕ್ಷೆ ನಡೆಸಿದ ಇಟಿಎಸ್ ಸಂಸ್ಥೆ ಮಾತಿನ ಪರೀಕ್ಷೆಯಲ್ಲಿ ಮುದ್ರಿಸಿಕೊಂಡ ಧ್ವನಿಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿ, ಅನುಮಾನ ಬಂದವನ್ನು ಇಬ್ಬಿಬ್ಬರಿಂದ ಕೇಳಿಸಿತು. 58,458 ಪರೀಕ್ಷೆಗಳಲ್ಲಿ 33,663 ಅಸಿಂಧು, 22,476 ಸಂಶಯಾಸ್ಪದ. ಕಳಂಕವಿಲ್ಲದೆ ಉಳಿದವು 2,300 ಚಿಲ್ಲರೆ! ಈ ಲೆಕ್ಕ ನಂಬುವಂಥದ್ದಲ್ಲ ಎಂದು ನಿಮಗನ್ನಿಸಿದರೆ ತಪ್ಪಿಲ್ಲ. ಆದರೆ ಆ ವಾದವೊಂದನ್ನೇ ನೆಚ್ಚಿಕೊಳ್ಳಬೇಡಿ. ರುಜುವಾತಿನ ಹೊಣೆ ಹೋಮ್ ಆಫೀಸಿನದೇ ಆದರೂ, ಅದರ ಪುರಾವೆ ಧಾರಾಳವಾಗಿ ಸಾಕು, ಅರ್ಜಿದಾರ ಉತ್ತರ ಕೊಡಲೇಬೇಕು ಎಂದು ಡಿಕೆ-ಆರ್‌ಕೆ ಎಂಬ ಪ್ರಕರಣದಲ್ಲಿ ಅದೇ ಟ್ರಿಬ್ಯೂನಲ್ ಕೊಟ್ಟ 2022ರ ತೀರ್ಪು ಹೇಳಿದೆ.

ಉತ್ತರ ಇರುವುದು ಆ ದಿನದ ವಿವರದಲ್ಲಿ. ಆ ಕೇಂದ್ರವನ್ನೇ ಏಕೆ ಆರಿಸಿದರು, ಫೀಸು ಹೇಗೆ ಕಟ್ಟಿದರು, ಯಾವ ಟ್ರೇನು ಹಿಡಿದರು, ಪಾಸ್‌ಪೋರ್ಟ್ ಯಾರು ನೋಡಿದರು, ಕೋಣೆಯಲ್ಲಿ ಎಷ್ಟು ಜನರಿದ್ದರು? ಆಗಿನ ಮಾತಿನ ಪರೀಕ್ಷೆ ಹೆಡ್‌ಸೆಟ್ ಹಾಕಿಕೊಂಡು ಸುಮಾರು 20 ನಿಮಿಷ, 11 ಪ್ರಶ್ನೆ: ಮೊದಲೆರಡಕ್ಕೆ ಪಠ್ಯವನ್ನು ಗಟ್ಟಿಯಾಗಿ ಓದಬೇಕು, ಮೂರನೆಯದಕ್ಕೆ ಚಿತ್ರವೊಂದನ್ನು ವರ್ಣಿಸಬೇಕು. ಬರವಣಿಗೆಗೆ ಒಂದು ಗಂಟೆ. ಸ್ವತಃ ಕೂತವರಿಗೆ ಇದರಲ್ಲಿ ಏನಾದರೂ ನೆನಪಿರುತ್ತದೆ. ಎಲ್ಲವೂ ನೆನಪಿದೆ ಎಂದರೂ ಅನುಮಾನವೇ. ಮರೆತದ್ದನ್ನು ಮರೆತೆ ಎಂದೇ ಬರೆಯಲಿ. ವಕೀಲರ ಬಳಿ ಇರುವ ಸಿದ್ಧ ನಮೂನೆಗೆ ಹೆಸರು ತುಂಬಿ ಕೊಟ್ಟರೆ ಪಾಟೀಸವಾಲಿನಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಹಿಂದೆ ಕೊಟ್ಟ ಹೇಳಿಕೆಗಳನ್ನೂ ಪಕ್ಕದಲ್ಲಿಟ್ಟುಕೊಂಡು ಓದಲಿ, ತಾರೀಕು ತಾಳೆಯಾಗದಿದ್ದರೆ ಕಾರಣವನ್ನು ತಾವೇ ಹೇಳಲಿ. ಬುಕಿಂಗ್ ಇಮೇಲ್, ಆ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಸಿಕ್ಕರೆ ಪದವಿ ಸರ್ಟಿಫಿಕೇಟಿಗಿಂತ ಹೆಚ್ಚು ತೂಕ.

ಧ್ವನಿ ಕಡತವನ್ನು ಇಟಿಎಸ್‌ನಿಂದ ಕೇಳಿ ಪಡೆಯಲಿ. ಅದರಲ್ಲಿರುವುದು ತಮ್ಮನ ದನಿಯೇ ಆದರೆ ಕೇಸು ಬಹುತೇಕ ಗೆದ್ದಂತೆ. ಬೇರೆಯವರದಾದರೆ, ಕಡತ ಅದಲುಬದಲಾಗಿದೆ ಎಂಬ ಬರೀ ಮಾತು 2022ರ ತೀರ್ಪಿನ ನಂತರ ನಿಲ್ಲುವುದು ಕಷ್ಟ. ಆದರೂ ಕೇಳದೇ ಬಿಡಬಾರದು; ಏಕೆ ಕೇಳಲಿಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಪತ್ರದಲ್ಲಿ ಆದೇಶದ ತಾರೀಕನ್ನೇ ನೀವು ಬರೆದಿಲ್ಲ. ಅಪೀಲಿನ ಹಕ್ಕಿದ್ದರೆ, ಬ್ರಿಟನ್ನಿನೊಳಗಿರುವವರಿಗೆ ಆದೇಶ ಕಳುಹಿಸಿದ ದಿನದಿಂದ ಸಿಗುವುದು 14 ದಿನ. ಇವತ್ತೇ ಫೋನ್ ಮಾಡಿ ತಮ್ಮನನ್ನು ಅದನ್ನು ಕೇಳಿ.